ನಿಮಗಿದು ಗೊತ್ತೇ? ರೆಕ್ಕೆ ಬಡಿಯುವ ಬಸವನಹುಳು!

ಬಸವನಹುಳು ಅಂದರೆ ತೆವಳಬೇಕು, ಮಳೆಗಾಲದಲ್ಲಿ ಬಾಳೆಗಿಡದ ಬುಡದಲ್ಲಿ ಸಿಗಬೇಕು, ಯಾವ ಕೆಲಸಕ್ಕೂ ಅವಸರಪಡಬಾರದು. ಇದು ನಮ್ಮೆಲ್ಲರ ಲೆಕ್ಕ. ಈ ಲೆಕ್ಕವನ್ನು ತಲೆಕೆಳಗು ಮಾಡುವ ಬಳಗವೊಂದು ಕಡಲಿನಲ್ಲಿದೆ. ಹೆಸರು ಕಡಲ ಚಿಟ್ಟೆ. ನೆಲದ ಮುಖವನ್ನೇ ನೋಡದೆ, ನಡುನೀರಿನಲ್ಲಿ ಹುಟ್ಟಿ, ಅಲ್ಲೇ ಹಾರಾಡಿ, ಅಲ್ಲೇ ಸಾಯುವ ಬಸವನಹುಳು ಇದು. ಅದರ ಚಿಪ್ಪು ತೀರಾ ತೆಳು. ಆದರೆ ಸಾಗರದ ಆರೋಗ್ಯ ಹೇಗಿದೆ ಎಂದು ತಿಳಿಯಲು ವಿಜ್ಞಾನಿಗಳು ಮೊದಲು ನೋಡುವ ವಸ್ತುಗಳಲ್ಲಿ ಆ ಚಿಪ್ಪೂ ಒಂದು.

ಹೆಸರು, ಊರು, ಮನೆತನ

1. ಕಡಲ ಚಿಟ್ಟೆ ಮೀನಲ್ಲ, ಕೀಟವಲ್ಲ. ಶಂಖ, ಬಸವನಹುಳುಗಳ ಕುಲಕ್ಕೆ ಸೇರಿದ ಮೃದ್ವಂಗಿ. ಈ ಬಳಗಕ್ಕೆ ಜೀವವಿಜ್ಞಾನಿಗಳು ಇಟ್ಟ ಹೆಸರು ಟೆರೊಪಾಡ್. ಇದರಲ್ಲಿ ಎರಡು ಮನೆತನ: ಚಿಪ್ಪು ಹೊತ್ತು ಈಜುವ ಕಡಲ ಚಿಟ್ಟೆಗಳು ಮತ್ತು ಚಿಪ್ಪಿಲ್ಲದ ‘ಸೀ ಏಂಜೆಲ್’ಗಳು. ಎರಡನೆಯವನ್ನು ನಾವಿಲ್ಲಿ ಕಡಲ ಕಿನ್ನರಿ ಎನ್ನೋಣ. ಎಲ್ಲ ಸೇರಿ ಗುರುತಾಗಿರುವ ಪ್ರಭೇದಗಳು ಸುಮಾರು 160.

2. ರೆಕ್ಕೆಯಂತೆ ಕಾಣುವುದು ನಿಜಕ್ಕೂ ರೆಕ್ಕೆಯಲ್ಲ, ಕಾಲು! ತೋಟದ ಬಸವನಹುಳು ಯಾವ ಅಗಲ ಪಾದದ ಮೇಲೆ ತೆವಳುತ್ತದೆಯೋ, ಅದೇ ಅಂಗ ಇಲ್ಲಿ ಎರಡಾಗಿ ಹರಡಿ, ತೆಳುವಾಗಿ, ಬಡಿಯುವ ರೆಕ್ಕೆಗಳಾಗಿದೆ.

3. ಗಾತ್ರ? ಉತ್ತರ ಧ್ರುವದ ಸುತ್ತಲಿನ ಕಡಲಿನಲ್ಲಿರುವ ಹೆಸರಾಂತ ಪ್ರಭೇದ ಲಿಮಸೀನಾ ಹೆಲಿಸೀನಾ ಸಾಮಾನ್ಯವಾಗಿ ತೊಗರಿಬೇಳೆಯಷ್ಟೇ ಇರುತ್ತದೆ. ಚೆನ್ನಾಗಿ ಬೆಳೆದರೆ ಒಂದು ಸೆಂಟಿಮೀಟರ್ ದಾಟೀತು. ಗಾಜಿನಂಥ ಚಿಪ್ಪಿನೊಳಗೆ ಕಡು ನೇರಳೆ, ಕೆಲವೊಮ್ಮೆ ಕಪ್ಪೇ ಎನಿಸುವ ಮೈ.

4. ಧ್ರುವಗಳಿಂದ ಸಮಭಾಜಕದವರೆಗೆ ಎಲ್ಲ ಸಾಗರಗಳಲ್ಲೂ ಇವುಗಳ ವಾಸವಿದೆ. ಬೆಚ್ಚಗಿನ ನೀರಿನಲ್ಲಿ ಪ್ರಭೇದಗಳು ಹೆಚ್ಚು. ಧ್ರುವದ ಚಳಿಯಲ್ಲಿ ಪ್ರಭೇದಗಳು ಬೆರಳೆಣಿಕೆ, ಆದರೆ ಇರುವ ಪ್ರಭೇದಗಳ ಸಂಖ್ಯೆಯೇ ಅಪಾರ.

5. ಲಿಮಸೀನಾ ಹೆಲಿಸೀನಾವನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಒಬ್ಬ ನೌಕಾಪಡೆಯ ಅಧಿಕಾರಿ. ಬ್ರಿಟನ್ನಿನ ಕಾನ್‌ಸ್ಟಂಟೈನ್ ಫಿಪ್ಸ್ 1773ರಲ್ಲಿ ಎರಡು ಹಡಗು ಕಟ್ಟಿಕೊಂಡು ಉತ್ತರ ಧ್ರುವದ ದಾರಿ ಹುಡುಕಲು ಹೊರಟರು. ಮಂಜುಗಡ್ಡೆ ಅಡ್ಡವಾಗಿ ಹಿಂದಿರುಗಿದರು. ಧ್ರುವ ಸಿಗಲಿಲ್ಲ, ಕಡಲ ಚಿಟ್ಟೆ ಸಿಕ್ಕಿತು. 1774ರಲ್ಲಿ ಬಂದ ಅವರ ಪ್ರವಾಸ ಗ್ರಂಥದಲ್ಲಿಯೇ ಹಿಮಕರಡಿಗೂ ಅದರ ವೈಜ್ಞಾನಿಕ ಹೆಸರು ದಕ್ಕಿತು.

6. ಆ ಯಾನದ ಎರಡನೆಯ ಹಡಗಿನಲ್ಲಿ 14 ವರ್ಷದ ಹುಡುಗನೊಬ್ಬ ಕೆಲಸಕ್ಕಿದ್ದ. ಮುಂದೆ ಟ್ರಫಾಲ್ಗರ್ ಕದನದಿಂದ ಜಗತ್ಪ್ರಸಿದ್ಧನಾದ ಹೊರೇಷಿಯೊ ನೆಲ್ಸನ್ ಅವನೇ.

7. ಟೆರೊಪಾಡ್ ಎಂದು ಹೆಸರಿಟ್ಟವರು ಫ್ರಾನ್ಸಿನ ಜಾರ್ಜ್ ಕ್ಯೂವಿಯೆ, 1804ರಲ್ಲಿ. ಇವು ಬಸವನಹುಳುಗಳಿಗಿಂತ ಪೂರ್ತಿ ಬೇರೆಯೇ ಆದ ವರ್ಗ ಎಂದು ಬಹುಕಾಲ ನಂಬಲಾಗಿತ್ತು. ಅಲ್ಲ, ಇವೂ ಬಸವನಹುಳುಗಳ ಒಳಗಿನ ಒಂದು ಕವಲೇ ಎಂದು ಅಂಗರಚನೆಯನ್ನು ಮುಂದಿಟ್ಟು ತೋರಿಸಿದವರು ಬೆಲ್ಜಿಯಂನ ಪಾಲ್ ಪೆಲ್ಸನೀರ್, 1880ರ ದಶಕದಲ್ಲಿ.

8. ಉತ್ತರ ಧ್ರುವ, ದಕ್ಷಿಣ ಧ್ರುವ ಎರಡರಲ್ಲೂ ಇರುವುದು ಒಂದೇ ಲಿಮಸೀನಾ ಎಂದುಕೊಂಡಿದ್ದರು. ನೋಡಲು ಅಷ್ಟೊಂದು ಹೋಲಿಕೆ. 2010ರಲ್ಲಿ ಡಿಎನ್ಎ ಪರೀಕ್ಷೆ ನಡೆಸಿದಾಗ ಗುಟ್ಟು ರಟ್ಟಾಯಿತು: ಎರಡೂ ಬೇರೆ ಬೇರೆ. ದಕ್ಷಿಣದ್ದಕ್ಕೆ ಈಗ ಲಿಮಸೀನಾ ರಂಗಿಯೈ ಎಂಬ ಹೆಸರು.

ನೀರಿನಲ್ಲಿ ಹಾರಾಟ

9. ಕಡಲ ಚಿಟ್ಟೆ ಈಜುತ್ತದೆ ಎನ್ನುವುದಕ್ಕಿಂತ ಹಾರುತ್ತದೆ ಎನ್ನುವುದೇ ಸರಿ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಡೇವಿಡ್ ಮರ್ಫಿ ಮತ್ತು ಸಂಗಡಿಗರು ಲಿಮಸೀನಾದ ಚಲನೆಯನ್ನು ಅತಿ ವೇಗದ ಕ್ಯಾಮೆರಾಗಳಲ್ಲಿ ಸೆರೆಹಿಡಿದು 2016ರಲ್ಲಿ ವರದಿ ಮಾಡಿದರು. ಅದರ ರೆಕ್ಕೆಯ ತುದಿ ನೀರಿನಲ್ಲಿ ಇಂಗ್ಲಿಷಿನ 8 ಅಂಕಿ ಬರೆಯುತ್ತದೆ. ಹಣ್ಣಿನ ನೊಣ ಗಾಳಿಯಲ್ಲಿ ಮಾಡುವುದೂ ಇದನ್ನೇ.

10. ಉಳಿದ ಬಹುಪಾಲು ಪ್ಲವಕ ಜೀವಿಗಳು (ನೀರಿನಲ್ಲಿ ತೇಲಾಡುವ ಪುಟ್ಟ ಜೀವಿಗಳು) ಕಾಲನ್ನು ಹುಟ್ಟಿನಂತೆ ಹಿಂದಕ್ಕೆಳೆದು ಮುಂದೆ ಸಾಗುತ್ತವೆ. ಇದು ಆ ದಾರಿ ಹಿಡಿದಿಲ್ಲ. ರೆಕ್ಕೆ ಬಡಿದು, ಮೈಯನ್ನು ಮೇಲೆತ್ತುವ ಬಲ ಪಡೆದು ಸಾಗುತ್ತದೆ. ಕೀಟಗಳಿಗೂ ಬಸವನಹುಳುಗಳಿಗೂ ಸಂಬಂಧ ಕಡಿದು 50 ಕೋಟಿ ವರ್ಷಕ್ಕೂ ಹೆಚ್ಚು ಕಾಲವಾಗಿದೆ. ಆದರೂ ಇಬ್ಬರೂ ಒಂದೇ ಉಪಾಯಕ್ಕೆ ಬಂದು ಮುಟ್ಟಿದ್ದಾರೆ.

11. ಎರಡೂ ರೆಕ್ಕೆಗಳನ್ನು ಮೇಲೆ ಚಪ್ಪಾಳೆಯಂತೆ ಸೇರಿಸುವುದು, ಮರುಕ್ಷಣ ಅಂಚಿನಿಂದ ಬಿಡಿಸಿ ಚಿಮ್ಮುವುದು: ಈ ತಂತ್ರವನ್ನು 1973ರಲ್ಲಿ ಟಾರ್ಕೆಲ್ ವೈಸ್-ಫೋ ಒಂದು ಪುಟಾಣಿ ಕಣಜದ ಹಾರಾಟದಲ್ಲಿ ಗುರುತಿಸಿದ್ದರು. ಅತಿ ಚಿಕ್ಕ ಕೀಟಗಳಿಗೆ ಗಾಳಿಯೇ ಅಂಟಿನಂತೆ ಅಡ್ಡಿ ಮಾಡುವುದರಿಂದ ಈ ಚಪ್ಪಾಳೆಯಿಂದ ಹೆಚ್ಚಿನ ಬಲ ಸಿಗುತ್ತದೆ. ಕಡಲ ಚಿಟ್ಟೆಯ ಬತ್ತಳಿಕೆಯಲ್ಲೂ ಅದೇ ತಂತ್ರವಿದೆ.

12. ಒಂದು ವ್ಯತ್ಯಾಸ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಕೀಟ ಹಾರುವಾಗ ಮೈ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ಕಡಲ ಚಿಟ್ಟೆಯ ಚಿಪ್ಪು ಪ್ರತಿ ಬಡಿತಕ್ಕೂ ಹಿಂದೆ ಮುಂದೆ ತೂಗಾಡುತ್ತದೆ. ಇದು ಬರೀ ಓಲಾಟವಲ್ಲ. ರೆಕ್ಕೆಯನ್ನು ಬೇಕಾದ ಕೋನಕ್ಕೆ ತಿರುಗಿಸಿಕೊಳ್ಳಲು ಅದಕ್ಕೆ ಈ ತೂಗಾಟ ಬೇಕು.

13. ರೆಕ್ಕೆ ನಿಂತರೆ? ಕೆಳಕ್ಕೆ! ಚಿಪ್ಪು ನೀರಿಗಿಂತ ಭಾರ. ಆದ್ದರಿಂದ ತೇಲಿಕೊಂಡು ಸುಮ್ಮನಿರುವ ಸೌಭಾಗ್ಯ ಇದಕ್ಕಿಲ್ಲ. ಅಪಾಯ ಬಂದಾಗ ಇದೇ ವರವಾಗುತ್ತದೆ: ರೆಕ್ಕೆ ಒಳಗೆಳೆದುಕೊಂಡು ಕಲ್ಲಿನಂತೆ ಮುಳುಗಿ ತಪ್ಪಿಸಿಕೊಳ್ಳುತ್ತದೆ.

14. ಕತ್ತಲಿನ ನೀರಿನಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿಯುವುದು ಹೇಗೆ? ಮೈಯೊಳಗೆ ಒಂದು ಜೊತೆ ಸಮತೋಲನ ಅಂಗಗಳಿವೆ. ಪುಟ್ಟ ಚೀಲ, ಒಳಗೆ ಖನಿಜದ ಕಣ, ಸುತ್ತ ಸೂಕ್ಷ್ಮ ರೋಮ. ಕಣ ಯಾವ ಕಡೆಯ ರೋಮವನ್ನು ಒತ್ತುತ್ತದೋ ಅದೇ ಕೆಳಗಿನ ದಿಕ್ಕು.

15. ಹಗಲು ಆಳ, ಇರುಳು ಮೇಲ್ಪದರ. ಹಲವು ಪ್ರಭೇದಗಳ ದಿನಚರಿ ಇದು. ಸಂಜೆ ಮೇಯಲು ಮೇಲೆ ಬರುತ್ತವೆ, ಬೆಳಕು ಹರಿಯುವ ಮೊದಲು ಕಣ್ಣಿರುವ ಶತ್ರುಗಳಿಂದ ದೂರ, ನೂರಾರು ಮೀಟರ್ ಕೆಳಗಿಳಿಯುತ್ತವೆ. ಮಿಲಿಮೀಟರುಗಳಲ್ಲಿ ಅಳೆಯುವ ಜೀವಿಯ ನಿತ್ಯದ ಏರಿಳಿತ ಇದು.

ಬಲೆ ಬೀಸಿ ಊಟ

16. ಬೇಟೆಯ ಹಿಂದೆ ಓಡುವ ಗೋಜು ಕಡಲ ಚಿಟ್ಟೆಗಿಲ್ಲ. ಮೈಯಿಂದ ಲೋಳೆ ಸ್ರವಿಸಿ, ತನಗಿಂತ ಎಷ್ಟೋ ಪಟ್ಟು ದೊಡ್ಡ ಬಲೆಯನ್ನು ನೀರಿನಲ್ಲಿ ಹರಡುತ್ತದೆ. ಅದರ ಕೆಳಗೆ ಅಲುಗಾಡದೆ ತೂಗುತ್ತದೆ. ಸೂಕ್ಷ್ಮ ಪಾಚಿ, ಬ್ಯಾಕ್ಟೀರಿಯಾ, ಚಿಕ್ಕ ಪ್ಲವಕ, ಮೇಲಿನಿಂದ ಉದುರುವ ಕಸ ಎಲ್ಲ ಅಂಟಿಕೊಳ್ಳುತ್ತವೆ. ಆಮೇಲೆ ಊಟದ ಜೊತೆಗೆ ಬಲೆಯನ್ನೂ ಒಳಗೆಳೆದು ನುಂಗಿಬಿಡುತ್ತದೆ.

17. ಈ ಬಳಗದ ಗ್ಲೀಬಾ ಎಂಬುದರ ಬಲೆ 2 ಮೀಟರ್ ಅಗಲದವರೆಗೂ ಹರಡುತ್ತದೆ. ಬಲೆ ಬೀಸಿದ ಜೀವಿಯ ಉದ್ದ ಬರೀ ಕೆಲವು ಸೆಂಟಿಮೀಟರ್!

18. ಈ ಬಲೆಯ ವಿಚಾರ 1970ರ ದಶಕದವರೆಗೂ ವಿಜ್ಞಾನಕ್ಕೆ ಗೊತ್ತೇ ಇರಲಿಲ್ಲ. ಕಾರಣ ಸರಳ. ಹಡಗಿನಿಂದ ಇಳಿಬಿಟ್ಟ ಬಲೆಯಲ್ಲಿ ಚಿಟ್ಟೆ ಸಿಗುತ್ತದೆ, ಅದರ ಲೋಳೆ ಬಲೆ ಹರಿದು ಮಾಯವಾಗುತ್ತದೆ. ವಿಲಿಯಂ ಹ್ಯಾಮ್ನರ್ ಮತ್ತು ಅವರ ವಿದ್ಯಾರ್ಥಿಗಳು ಬಹಾಮಾಸ್ ಬಳಿ, ತಳ ಕಾಣದ ನಡುಗಡಲಿನಲ್ಲಿ ಹಗ್ಗ ಕಟ್ಟಿಕೊಂಡು ಮುಳುಗಿ ಕಣ್ಣಾರೆ ನೋಡತೊಡಗಿದಾಗಲೇ ಬಲೆ ಬೆಳಕಿಗೆ ಬಂದದ್ದು. ಆ ತಂಡದ ರೊನಾಲ್ಡ್ ಗಿಲ್ಮರ್ 1972ರಲ್ಲಿ ಇದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

19. ಹತ್ತಿರ ಏನಾದರೂ ಅಲುಗಾಡಿದರೆ ಬಲೆಯ ಆಸೆ ಬಿಟ್ಟು ಪರಾರಿ. ಹೀಗೆ ಬಿಟ್ಟುಹೋದ ಬಲೆಗಳು, ಹಿಕ್ಕೆ, ಸತ್ತವುಗಳ ಚಿಪ್ಪು ಎಲ್ಲವೂ ಆಳಕ್ಕೆ ಇಳಿಯುತ್ತವೆ. ಮೇಲಿನ ನೀರಿನ ಇಂಗಾಲ ಹೀಗೆ ತಳಕ್ಕೆ ಸಾಗಣೆಯಾಗುತ್ತದೆ. ಚಿಪ್ಪಿನ ಭಾರವಿರುವುದರಿಂದ ಸಾಗಣೆ ಚುರುಕು.

ಕಿನ್ನರಿಯ ಕರಾಳ ಮುಖ

20. ಕಡಲ ಚಿಟ್ಟೆಯ ಪರಮ ಶತ್ರು ಅದರ ದಾಯಾದಿಯೇ. ಕ್ಲಯೋನಿ ಲಿಮಸೀನಾ ಎಂಬ ಕಡಲ ಕಿನ್ನರಿಯ ಊಟದ ಎಲೆಯಲ್ಲಿ ಲಿಮಸೀನಾ ಬಿಟ್ಟರೆ ಬೇರೇನೂ ಇರುವುದಿಲ್ಲ ಎನ್ನಬಹುದು. ಬೇಟೆಯ ಹೆಸರೇ ಬೇಟೆಗಾರನ ಹೆಸರಿನಲ್ಲೂ ಸೇರಿಕೊಂಡಿದೆ.

21. ಪಾರದರ್ಶಕ ಮೈ, ಕಿತ್ತಳೆಗೆಂಪು ಒಡಲು, ಮೆಲ್ಲಗೆ ಬಡಿಯುವ ರೆಕ್ಕೆ. ನೋಡಲು ಸಾಧುವೇ ಸಾಧು. ಬೇಟೆ ತಾಗಿತೋ, ತಲೆ ಬಿರಿದು ಆರು ಹಿಡಿತೋಳುಗಳು ಕಣ್ಣುಮಿಟುಕಿಸುವುದರೊಳಗೆ ಹೊರಬಂದು ಚಿಪ್ಪನ್ನು ಅಪ್ಪಿಕೊಳ್ಳುತ್ತವೆ. ಚಿಪ್ಪಿನ ಬಾಯಿ ತನ್ನ ಬಾಯಿಗೆ ನೇರ ಬರುವಂತೆ ತಿರುಗಿಸಿ, ಕೊಕ್ಕೆ ತೂರಿಸಿ, ಒಳಗಿನ ಮೈಯನ್ನು ಇಡಿಯಾಗಿ ಎಳೆದು ನುಂಗುತ್ತದೆ. ಚಿಪ್ಪು ಒಡೆಯುವುದೇ ಇಲ್ಲ. ಈ ಕೆಲಸ ಕೆಲವು ನಿಮಿಷಗಳಲ್ಲಿ ಮುಗಿಯಬಹುದು, ಮುಕ್ಕಾಲು ಗಂಟೆಯೂ ಹಿಡಿಯಬಹುದು.

22. ಒಂದೇ ಬಗೆಯ ಊಟ ನೆಚ್ಚಿಕೊಂಡವರಿಗೆ ಉಪವಾಸದ ಅಭ್ಯಾಸವೂ ಬೇಕು. ಪ್ರಯೋಗಾಲಯದಲ್ಲಿ ಕ್ಲಯೋನಿ ಏನೂ ತಿನ್ನದೆ ಹೆಚ್ಚುಕಡಿಮೆ ಒಂದು ವರ್ಷ ಬದುಕಿದ್ದು ದಾಖಲಾಗಿದೆ. ಆ ಅವಧಿಯಲ್ಲಿ ಮೈ ಕುಗ್ಗುತ್ತದೆ; ಕೂಡಿಟ್ಟ ಕೊಬ್ಬನ್ನು ಬಹಳ ಹಿಡಿತದಿಂದ ಖರ್ಚು ಮಾಡುತ್ತದೆ.

23. ಕಿನ್ನರಿಗೂ ಹುಟ್ಟುವಾಗ ಚಿಪ್ಪಿರುತ್ತದೆ! ಮೊಟ್ಟೆಯೊಡೆದ ಕೆಲವೇ ದಿನಗಳಲ್ಲಿ ಅದನ್ನು ಕಳಚಿ ಎಸೆಯುತ್ತದೆ.

24. ಕ್ಲಯೋನಿಯ ರೆಕ್ಕೆ ಬಡಿತದ ತಾಳ ಹುಟ್ಟುವುದು ಬೆರಳೆಣಿಕೆಯ ಬಗೆಯ ನರಕೋಶಗಳಲ್ಲಿ. ಆ ನರಗಂಟುಗಳನ್ನು ಮೈಯಿಂದ ಬೇರ್ಪಡಿಸಿ ಇಟ್ಟರೂ ಅವು ಅದೇ ತಾಳದಲ್ಲಿ ಮಿಡಿಯುತ್ತವೆ. ಹೀಗಾಗಿ ಪ್ರಾಣಿಗಳಲ್ಲಿ ಚಲನೆಯ ಲಯ ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ನರವಿಜ್ಞಾನಿಗಳು ದಶಕಗಳಿಂದ ಇದರ ಬೆನ್ನು ಹತ್ತಿದ್ದಾರೆ.

25. ಜಪಾನಿನಲ್ಲಿ ಕ್ಲಯೋನಿಗೆ ಅಭಿಮಾನಿಗಳೇ ಇದ್ದಾರೆ. ಚಳಿಗಾಲದಲ್ಲಿ ಹೊಕ್ಕೈಡೊ ದ್ವೀಪದ ಓಖೋಟ್‌ಸ್ಕ್ ಕರಾವಳಿಗೆ ತೇಲುಮಂಜು ಬರುವಾಗ ಇವೂ ಕಾಣಿಸಿಕೊಳ್ಳುತ್ತವೆ. ‘ತೇಲುಮಂಜಿನ ದೇವದೂತ’ ಎಂಬುದು ಅಲ್ಲಿನವರು ಕೊಟ್ಟ ಬಿರುದು. ಮತ್ಸ್ಯಾಲಯಗಳಲ್ಲಿ ಜನ ಗಾಜಿಗೆ ಮುಖವೊತ್ತಿ ನೋಡುತ್ತಾರೆ. ಊಟ ಹಾಕುವ ಹೊತ್ತಿನಲ್ಲಿ ನೋಡಿದವರಿಗೆ ದೇವದೂತನ ಬಗೆಗಿನ ಅಭಿಪ್ರಾಯ ಬದಲಾಗುವುದು ಖಂಡಿತ.

26. ಕಿನ್ನರಿಯನ್ನೇ ಅಪಹರಿಸುವವರಿದ್ದಾರೆ! ಅಂಟಾರ್ಕ್ಟಿಕಾದ ಕ್ಲಯೋನಿಯ ಮೈಯಲ್ಲಿ ಮೀನುಗಳಿಗೆ ಒಗ್ಗದ ಒಂದು ರಾಸಾಯನಿಕವಿದೆ. ಹೈಪೀರಿಯೆಲ್ಲಾ ಎಂಬ ಸೀಗಡಿಯಂಥ ಸಣ್ಣ ಜೀವಿ ಒಂದು ಕ್ಲಯೋನಿಯನ್ನು ಹಿಡಿದು, ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಬಾಯಿ ಹಾಕಿದ ಮೀನು ಮುಖ ಸಿಂಡರಿಸಿ ಉಗುಳುತ್ತದೆ. ಹೊತ್ತವನ ವೇಗ ತಗ್ಗುತ್ತದೆ, ಸೆರೆಯಾಳಿಗೆ ಊಟವಿಲ್ಲ. ಆದರೂ ಹೊತ್ತವನ ಜೀವ ಉಳಿಯುತ್ತದೆ. ಜೇಮ್ಸ್ ಮೆಕ್ಲಿಂಟಾಕ್ ಮತ್ತು ಜಾನ್ ಜಾನ್ಸೆನ್ ಇದನ್ನು 1990ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು.

27. ಚಿಟ್ಟೆಯನ್ನು ತಿನ್ನುವವರ ಪಟ್ಟಿ ಇಲ್ಲಿಗೆ ಮುಗಿಯುವುದಿಲ್ಲ. ಹೆರಿಂಗ್, ಮ್ಯಾಕೆರೆಲ್, ಕಡಲ ಹಕ್ಕಿಗಳು, ತಿಮಿಂಗಿಲಗಳು ಎಲ್ಲ ಸಾಲಿನಲ್ಲಿವೆ. ಉತ್ತರ ಪೆಸಿಫಿಕ್‌ನಲ್ಲಿ ಎಳೆಯ ಪಿಂಕ್ ಸಾಲ್ಮನ್ ಮೀನುಗಳಿಗೆ ಇವು ದೊಡ್ಡ ಆಸರೆ. ಅಲಾಸ್ಕಾದ ಮೀನುಗಾರಿಕೆಯ ಲಾಭನಷ್ಟ ಬೇಳೆಗಾತ್ರದ ಈ ಜೀವಿಯವರೆಗೂ ಹೋಗಿ ತಲುಪುತ್ತದೆ.

28. ಅಂಟಾರ್ಕ್ಟಿಕಾ ಎಂದರೆ ಕ್ರಿಲ್ ಸೀಗಡಿಗಳ ಸಾಮ್ರಾಜ್ಯ ಎಂಬ ಮಾತಿದೆ. ಅಲ್ಲಿನ ರಾಸ್ ಸಮುದ್ರದ ಭಾಗಗಳಲ್ಲಿ ಕೆಲವು ವರ್ಷ ಕ್ರಿಲ್‌ಗಳನ್ನೂ ಹಿಂದಿಕ್ಕಿ ಲಿಮಸೀನಾ ಮೇಲುಗೈ ಪಡೆಯುತ್ತದೆ.

ಮೊದಲು ಗಂಡು, ಆಮೇಲೆ ಹೆಣ್ಣು

29. ಲಿಮಸೀನಾ ಮೊದಲು ಗಂಡಾಗಿ ಪ್ರಾಯಕ್ಕೆ ಬರುತ್ತದೆ. ಇನ್ನಷ್ಟು ಬೆಳೆದ ಮೇಲೆ ಹೆಣ್ಣಾಗುತ್ತದೆ. ಮೊಟ್ಟೆಗೆ ಹೆಚ್ಚು ಪೋಷಣೆ ಬೇಕು, ಅದಕ್ಕೆ ದೊಡ್ಡ ಮೈಯೇ ಅನುಕೂಲ. ಒಂದೇ ಜನ್ಮದಲ್ಲಿ ತಂದೆಯೂ ಆಗಿ ತಾಯಿಯೂ ಆಗುವ ಸರದಿ ಪ್ರತಿಯೊಂದಕ್ಕೂ ಬರಬಹುದು.

30. ಲಿಮಸೀನಾ ತನ್ನ ಮೊಟ್ಟೆಗಳನ್ನು ಲೋಳೆಯ ಪಟ್ಟಿಯಲ್ಲಿ ಪೋಣಿಸಿ ನೀರಿಗೆ ಬಿಟ್ಟುಬಿಡುತ್ತದೆ. ಬೆಚ್ಚಗಿನ ಸಾಗರಗಳ ಹೆಲಿಕೊನಾಯ್ಡಿಸ್ ಇನ್‌ಫ್ಲೇಟಸ್ ಹಾಗಲ್ಲ. ಬೆಳೆಯುತ್ತಿರುವ ಭ್ರೂಣಗಳನ್ನು ತನ್ನ ಚಿಪ್ಪಿನೊಳಗೇ ಕಾಪಾಡಿ, ಈಜಬಲ್ಲ ಮರಿಗಳನ್ನು ಹೊರಗೆ ಬಿಡುತ್ತದೆ. ಒಂದೆರಡು ಮಿಲಿಮೀಟರ್ ಉದ್ದದ ಜೀವಿಯೊಳಗೆ ಹೆರಿಗೆ ಮನೆ!

31. ಮರಿಗೆ ರೆಕ್ಕೆ ಹುಟ್ಟಿನಿಂದ ಬರುವುದಿಲ್ಲ. ಮೊದಲು ಸೂಕ್ಷ್ಮ ರೋಮಗಳ ಅಂಚಿರುವ ಎರಡು ಹಾಳೆಗಳಿಂದ ಈಜುತ್ತದೆ. ದೊಡ್ಡದಾಗುತ್ತ ಅವು ಮರೆಯಾಗಿ ಪಾದ ರೆಕ್ಕೆಯಾಗುತ್ತದೆ.

32. ಕಡಲ ಚಿಟ್ಟೆಯನ್ನು ತೊಟ್ಟಿಯಲ್ಲಿ ಸಾಕುವುದು ಸಂಶೋಧಕರಿಗೂ ದೊಡ್ಡ ತಲೆನೋವು. ಗೋಡೆಗೆ ಡಿಕ್ಕಿ ಹೊಡೆಯುತ್ತದೆ, ಬಲೆ ಬೀಸಲು ಜಾಗ ಸಾಲದು, ಕೆಲ ದಿನಗಳಲ್ಲೋ ವಾರಗಳಲ್ಲೋ ಸಾಯುತ್ತದೆ. ಆದ್ದರಿಂದಲೇ ಅದರ ಬದುಕಿನ ಹೆಚ್ಚಿನ ಸಂಗತಿಗಳನ್ನು ಹಡಗಿನ ಮೇಲೆಯೇ ಗಡಿಬಿಡಿಯಲ್ಲಿ ಕಲಿಯಬೇಕಾಗಿದೆ.

ಚಿಪ್ಪಿನ ಜಾಣ್ಮೆ

33. ಚಿಪ್ಪಿನ ಕಚ್ಚಾ ಸಾಮಗ್ರಿ ಕ್ಯಾಲ್ಸಿಯಂ ಕಾರ್ಬೊನೇಟ್. ಸೀಮೆಸುಣ್ಣದ ಕಲ್ಲೂ ಇದೇ. ಆದರೆ ಈ ಸಾಮಗ್ರಿಗೆ ಎರಡು ಮುಖ್ಯ ಹರಳು ರೂಪಗಳಿವೆ: ಕ್ಯಾಲ್ಸೈಟ್ ಮತ್ತು ಅರಗೊನೈಟ್. ಕಡಲ ಚಿಟ್ಟೆ ಆರಿಸಿಕೊಂಡದ್ದು ಅರಗೊನೈಟನ್ನು. ಮುತ್ತು, ಹವಳದ ದಿಬ್ಬಗಳಲ್ಲಿ ಇರುವುದೂ ಅದೇ. ಒಂದೇ ಕೊರತೆ, ಅರಗೊನೈಟ್ ಕ್ಯಾಲ್ಸೈಟ್‌ಗಿಂತ ಸುಮಾರು ಒಂದೂವರೆ ಪಟ್ಟು ಸುಲಭವಾಗಿ ಕರಗುತ್ತದೆ.

34. ಜಗತ್ತಿನ ಬಹುಪಾಲು ಬಸವನಹುಳುಗಳ ಚಿಪ್ಪು ಬಲಕ್ಕೆ ಸುತ್ತಿದರೆ ಲಿಮಸೀನಾದ್ದು ಎಡಕ್ಕೆ. ಅಂದಹಾಗೆ, ಪೂಜೆಯಲ್ಲಿ ನಾವು ಅಪರೂಪವೆಂದು ಇಡುವ ಬಲಮುರಿ ಶಂಖವೂ ವಿಜ್ಞಾನಿಗಳ ಲೆಕ್ಕದಲ್ಲಿ ಎಡಸುತ್ತಿನದೇ. ಅವರು ಶಂಖದ ಸುರುಳಿ ತುದಿಯನ್ನು ಮೇಲೆ ಮಾಡಿ ನೋಡುತ್ತಾರೆ. ನಾವು ಕೆಳಗೆ ಮಾಡಿ ಹಿಡಿಯುತ್ತೇವೆ.

35. ಎಲ್ಲ ಕಡಲ ಚಿಟ್ಟೆಗಳೂ ಸುರುಳಿ ಚಿಪ್ಪಿನವಲ್ಲ. ಕ್ರೆಸೀಸ್‌ನದು ನೆಟ್ಟಗಿನ ಸೂಜಿ. ಕ್ಲಯೊ ಪಿರಮಿಡಾಟಾದ್ದು ಹೆಸರೇ ಹೇಳುವಂತೆ ಮೊನಚು ಗೋಪುರ. ಕ್ಯಾವೊಲೀನಿಯಾದ್ದು ಉಬ್ಬಿದ ಪುಟ್ಟ ಡಬ್ಬಿ, ಹಿಂದೆ ಮುಳ್ಳು. ಗ್ಲೀಬಾ, ಕೊರೊಲ್ಲಾಗಳಿಗೆ ಸುಣ್ಣದ ಚಿಪ್ಪೇ ಇಲ್ಲ. ಲೋಳೆಸರದಂಥ ಮೆತ್ತನೆಯ ಕವಚ.

36. ನೆಟ್ಟ ಚಿಪ್ಪಿನವುಗಳ ಒಳರಚನೆ ಇನ್ನೂ ಸೋಜಿಗ. ಅರಗೊನೈಟ್‌ನ ಅತಿ ಸಣ್ಣ ಎಳೆಗಳು ಸ್ಪ್ರಿಂಗಿನಂತೆ ಸುರುಳಿ ಸುತ್ತಿ ಒಂದರೊಳಗೊಂದು ಹೆಣೆದುಕೊಂಡಿವೆ. ಒಂದು ಕಡೆ ಬಿರುಕು ಬಿಟ್ಟರೆ ಅದು ನೇರ ಓಡಲಾಗದೆ ಸುರುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೂದಲೆಳೆಗಿಂತ ತೆಳುವಾದ ಚಿಪ್ಪು ಅಷ್ಟು ಸುಲಭಕ್ಕೆ ಒಡೆಯದಿರುವ ಗುಟ್ಟು ಇದು.

37. ಕ್ರೆಸೀಸ್‌ನ ಸೂಜಿಗಳು ಈಜುವ ಮನುಷ್ಯರಿಗೂ ಚುಚ್ಚಿವೆ. ಅಮೆರಿಕದ ಫ್ಲಾರಿಡಾದ ಪಶ್ಚಿಮ ಕರಾವಳಿಯಲ್ಲಿ ಸ್ನಾನಕ್ಕಿಳಿದವರ ಮೈಮೇಲೆ ಏಳುತ್ತಿದ್ದ ಒಂದು ಬಗೆಯ ಗುಳ್ಳೆಗಳಿಗೆ ಇದೇ ಕಾರಣ ಎಂದು 1960ರಲ್ಲಿ ವರದಿಯಾಯಿತು.

ಕಡಲ ತಳದ ದಫ್ತರ

38. ಸತ್ತ ಕಡಲ ಚಿಟ್ಟೆಗಳ ಚಿಪ್ಪೇ ಹೆಚ್ಚಾಗಿರುವ ಕೆಸರು ಸಾಗರತಳದಲ್ಲಿದೆ. 1872ರಿಂದ 1876ರವರೆಗೆ ಭೂಮಿ ಸುತ್ತಿದ ಬ್ರಿಟನ್ನಿನ ಚಾಲೆಂಜರ್ ಹಡಗು ತಳದ ಮಣ್ಣನ್ನು ಮೇಲೆತ್ತಿ ತಂದಾಗ ಇದು ಪತ್ತೆಯಾಯಿತು. ಆ ಯಾನದ ಜಾನ್ ಮರ್ರೆ ಇದಕ್ಕೆ ‘ಟೆರೊಪಾಡ್ ಊಜ್’ ಎಂದು ಹೆಸರಿಟ್ಟರು.

39. ಇಂಥ ಕೆಸರು ಎಲ್ಲೆಂದರಲ್ಲಿ ಸಿಗದು. ಆಳಕ್ಕೆ ಹೋದಂತೆ ನೀರು ತಣ್ಣಗಾಗುತ್ತದೆ, ಒತ್ತಡ ಏರುತ್ತದೆ, ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಮೂರೂ ಸೇರಿ ಅರಗೊನೈಟನ್ನು ಕರಗಿಸುತ್ತವೆ. ಅಟ್ಲಾಂಟಿಕ್‌ನ ಬರ್ಮುಡಾ ಸುತ್ತಲಿನಂಥ ಅಷ್ಟೇನೂ ಆಳವಿಲ್ಲದ ಏರುತಳಗಳಲ್ಲಿ ಚಿಪ್ಪುಗಳು ಉಳಿದಿವೆ. ನಾಲ್ಕೈದು ಕಿಲೋಮೀಟರ್ ಆಳದ ತಳದಲ್ಲಿ ಹುಡುಕಿದರೆ ಕೈಗೆ ಏನೂ ಬಾರದು.

40. ತಳಕ್ಕಿಳಿಯುವ ಸುಣ್ಣದಲ್ಲಿ ಇವುಗಳ ಪಾಲೆಷ್ಟು? ರಾಬರ್ಟ್ ಬರ್ನರ್ ಮತ್ತು ಸುಸುಮು ಹೊನ್ಜೊ 1981ರಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತಿನ ಸಾಗರಗಳಲ್ಲಿ ಕೆಳಗಿಳಿಯುವ ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ ಕನಿಷ್ಠ ಶೇ. 12 ಟೆರೊಪಾಡ್‌ಗಳ ಅರಗೊನೈಟ್.

41. ಕೆಂಪು ಸಮುದ್ರದ ತಳದ ಕೆಸರಿನಲ್ಲಿ ಈ ಚಿಪ್ಪುಗಳು ಸಮೃದ್ಧ. ಯಾವ ಪದರದಲ್ಲಿ ಯಾವ ಪ್ರಭೇದ ಹೆಚ್ಚು ಎಂದು ಎಣಿಸಿ, ಹಿಮಯುಗದಲ್ಲಿ ಆ ಸಮುದ್ರದ ಉಪ್ಪು ಎಷ್ಟು ಏರಿತ್ತು ಎಂಬುದನ್ನು ಭೂವಿಜ್ಞಾನಿಗಳು ಊಹಿಸುತ್ತಾರೆ.

ನಮ್ಮ ಕಡಲಿನಲ್ಲಿ

42. 1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನದಲ್ಲಿ ಹಲವು ದೇಶಗಳ ಹಡಗುಗಳು ಪ್ಲವಕ ಸಂಗ್ರಹಿಸಿದವು. ಆ ಶೀಸೆಗಳೆಲ್ಲ ಬಂದು ಸೇರಿದ್ದು ಕೊಚ್ಚಿಗೆ. ಅಲ್ಲಿನ ಹಿಂದೂ ಮಹಾಸಾಗರ ಜೀವವಿಜ್ಞಾನ ಕೇಂದ್ರದಲ್ಲಿ ಕುಳಿತು ಸೂಕ್ಷ್ಮದರ್ಶಕದಡಿ ಒಂದೊಂದೇ ಗುಂಪಿನ ಜೀವಿಗಳನ್ನು ಬೇರ್ಪಡಿಸಿದರು. ನಮ್ಮ ಸಾಗರದಲ್ಲಿ ಯಾವ ಕಡಲ ಚಿಟ್ಟೆ ಎಲ್ಲಿದೆ ಎಂಬ ನಕ್ಷೆ ರೂಪುಗೊಂಡದ್ದು ಈ ಸಂಗ್ರಹದಿಂದ.

43. ಕೊಚ್ಚಿ ಬಳಿಯ ಕಡಲಿನಲ್ಲಿ ಕ್ರೆಸೀಸ್ ದಂಡುಗಟ್ಟಿ ಬಂದದ್ದನ್ನು 1974ರಲ್ಲಿ ಭಾರತೀಯ ಸಂಶೋಧಕರು ವರದಿ ಮಾಡಿದ್ದಾರೆ. ಟ್ರೈಕೊಡೆಸ್ಮಿಯಂ ಎಂಬ ಸೂಕ್ಷ್ಮಜೀವಿ ನೀರಿನ ಮೇಲೆ ಹಬ್ಬಿದ ಹೊತ್ತಿಗೆ ಸರಿಯಾಗಿ ಇವೂ ಹಾಜರಾಗಿದ್ದವು.

44. ಅರಬ್ಬೀ ಸಮುದ್ರದಲ್ಲಿ, ನಮ್ಮ ಪಶ್ಚಿಮ ಕರಾವಳಿಯ ಆಚೆಗಿನ ತಳದಲ್ಲಿಯೂ ಟೆರೊಪಾಡ್ ಚಿಪ್ಪುಗಳ ಪದರಗಳಿವೆ. ಕೆಲವು ಪದರಗಳಲ್ಲಿ ಚಿಪ್ಪು ಅಚ್ಚುಕಟ್ಟಾಗಿ ಉಳಿದಿದೆ, ಕೆಲವುಗಳಲ್ಲಿ ಕರಗಿಹೋಗಿದೆ. ಈ ಏರುಪೇರನ್ನು ಓದಿ, ಸಾವಿರಾರು ವರ್ಷಗಳಲ್ಲಿ ಮುಂಗಾರು ಮತ್ತು ಆಳದ ನೀರಿನ ಗುಣ ಹೇಗೆ ಬದಲಾದವು ಎಂದು ನಮ್ಮ ಸಂಶೋಧಕರು ಲೆಕ್ಕ ಹಾಕುತ್ತಾರೆ.

45. ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಕರಾವಳಿಯುದ್ದಕ್ಕೂ ಆಳದ ತಣ್ಣೀರು ಮೇಲೇಳುತ್ತದೆ. ಅದರಲ್ಲಿ ಪೋಷಕಾಂಶ ಹೇರಳ. ಬಂಗುಡೆ, ಬೂತಾಯಿ ಮೀನುಗಳ ಸುಗ್ಗಿಗೆ ಅದೇ ಮೂಲ. ಅದೇ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಮೀನಿಗೆ ಮೇವು ತರುವ ನೀರೇ ಸುಣ್ಣದ ಚಿಪ್ಪಿನವರಿಗೆ ಕಷ್ಟ ತರುತ್ತದೆ.

ಹುಳಿಯತ್ತ ಸಾಗುವ ನೀರು

46. ನಾವು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನು ಸಾಗರ ನುಂಗುತ್ತದೆ. ಕೈಗಾರಿಕಾ ಯುಗಕ್ಕೆ ಮೊದಲು 8.2ರಷ್ಟಿದ್ದ ಮೇಲ್ಪದರದ ಪಿಎಚ್ ಈಗ 8.1ರ ಆಸುಪಾಸಿಗೆ ಇಳಿದಿದೆ. ಅಂಕಿಯಲ್ಲಿ ಸಣ್ಣ ಬದಲಾವಣೆ. ಪಿಎಚ್ ಅಳತೆಯ ಒಂದು ಮೆಟ್ಟಿಲು ಅಂದರೆ ಹತ್ತು ಪಟ್ಟು ಆದ್ದರಿಂದ, ಆಮ್ಲೀಯತೆ ಏರಿರುವುದು ಶೇ. 25ರಿಂದ 30ರಷ್ಟು.

47. ಹಾಗೆಂದು ಕಡಲು ಆಮ್ಲವಾಗಿಲ್ಲ, ಈಗಲೂ ಕ್ಷಾರೀಯವೇ. ತೊಂದರೆ ಇರುವುದು ಬೇರೆ ಕಡೆ. ಕರಗಿದ ಅನಿಲದಿಂದ ಬಿಡುಗಡೆಯಾಗುವ ಹೈಡ್ರೋಜನ್ ಅಯಾನುಗಳು ನೀರಿನಲ್ಲಿರುವ ಕಾರ್ಬೊನೇಟನ್ನು ಹಿಡಿದುಕೊಂಡುಬಿಡುತ್ತವೆ. ಚಿಪ್ಪು ಕಟ್ಟಲು ಬೇಕಾದ ಸಾಮಗ್ರಿಗೇ ಬರ. ಬರ ಹೆಚ್ಚಾದರೆ ಕಟ್ಟಿದ ಚಿಪ್ಪೂ ಕರಗತೊಡಗುತ್ತದೆ. ತಣ್ಣೀರು ಅನಿಲವನ್ನು ಹೆಚ್ಚು ಹೀರುವುದರಿಂದ ಮೊದಲ ಪೆಟ್ಟು ಧ್ರುವಗಳಿಗೆ.

48. ಜೇಮ್ಸ್ ಓರ್ ನೇತೃತ್ವದ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬದುಕಿರುವ ಕ್ಲಯೊ ಪಿರಮಿಡಾಟಾವನ್ನು ಕಾರ್ಬೊನೇಟ್‌ಗೆ ಬರವಿರುವ ನೀರಿನಲ್ಲಿ ಇಟ್ಟಾಗ 48 ಗಂಟೆಗಳೊಳಗೆ ಚಿಪ್ಪಿನ ಅಂಚು ಕರಗಿದ್ದು ಕಂಡಿತು.

49. ಅದು ಪ್ರಯೋಗ, ಇದು ವಾಸ್ತವ: ಅಂಟಾರ್ಕ್ಟಿಕಾ ಬಳಿಯ ಸ್ಕೋಶಿಯಾ ಸಮುದ್ರದಲ್ಲಿ 2008ರಲ್ಲಿ ಹಿಡಿದ ಜೀವಂತ ಲಿಮಸೀನಾಗಳ ಚಿಪ್ಪು ಆಗಲೇ ಸವೆದಿತ್ತು. ನೀನಾ ಬೆಡ್ನಾರ್ಶೆಕ್ ಮತ್ತು ಸಂಗಡಿಗರು 2012ರಲ್ಲಿ ಇದನ್ನು ವರದಿ ಮಾಡಿದರು. 2014ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಲೆಕ್ಕವೂ ಬಂತು: ದಡದ ಹತ್ತಿರ ಸಿಕ್ಕವುಗಳಲ್ಲಿ ಶೇ. 53ರ ಚಿಪ್ಪು ತೀವ್ರವಾಗಿ ಕರಗಿತ್ತು. ದೂರದ ನೀರಿನಲ್ಲಿ ಶೇ. 24.

50. ಚಿಟ್ಟೆ ಕೈಕಟ್ಟಿ ಕೂತಿಲ್ಲ. ಚಿಪ್ಪಿನ ಹೊರಗೆ ತೆಳುವಾದ ಸಾವಯವ ಲೇಪವಿದೆ; ಅದು ಹರಿಯದಿರುವವರೆಗೆ ಒಳಗಿನ ಸುಣ್ಣ ಕ್ಷೇಮ. ಹರಿದರೆ, ಒಳಗಿನಿಂದ ಹೊಸ ಪದರ ಕಟ್ಟಿ ತೇಪೆ ಹಾಕುತ್ತದೆ. ವಿಕ್ಟೋರಿಯಾ ಪೆಕ್ ಮತ್ತು ಸಂಗಡಿಗರು 2018ರಲ್ಲಿ ಇಂಥ ರಿಪೇರಿಗಳನ್ನು ಎತ್ತಿ ತೋರಿಸಿದರು. ಆದರೆ ರಿಪೇರಿ ಪುಕ್ಕಟೆಯಲ್ಲ. ಅದಕ್ಕೆ ಸುರಿಯುವ ಶಕ್ತಿ ಬೆಳವಣಿಗೆಯಿಂದ, ಮೊಟ್ಟೆಯಿಂದ ಕಡಿತವಾಗುತ್ತದೆ.

51. ಬರಿಗಣ್ಣಿಗೆ ಸರಿಯಾಗಿ ಕಾಣದ ಇವುಗಳನ್ನು ಜನರಿಗೆ ತೋರಿಸುವುದು ಹೇಗೆ? ಅಮೆರಿಕದ ಶಿಲ್ಪಿ ಕಾರ್ನೀಲಿಯಾ ಕವನಾ, ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯ ಗರೆತ್ ಲಾಸನ್ ನೆರವಿನಿಂದ ಕಡಲ ಚಿಟ್ಟೆಗಳನ್ನು ನೂರಾರು ಪಟ್ಟು ಹಿಗ್ಗಿಸಿ ಶಿಲ್ಪಗಳಾಗಿಸಿದರು. 2013ರಲ್ಲಿ ಅವು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನ ಕಂಡವು.

52. ಈ ವಂಶಕ್ಕೆ ಎಷ್ಟು ವಯಸ್ಸು? ನೆದರ್ಲೆಂಡ್ಸ್‌ನ ಕಾಟ್ಯಾ ಪೈನೆನ್‌ಬರ್ಗ್ ಮತ್ತು ಸಂಗಡಿಗರು ಜೀನುಗಳನ್ನೂ ಪಳೆಯುಳಿಕೆಗಳನ್ನೂ ತಾಳೆ ನೋಡಿ 2020ರಲ್ಲಿ ಉತ್ತರ ಕೊಟ್ಟರು: ಸುಮಾರು 13.9 ಕೋಟಿ ವರ್ಷ. ಅಂದರೆ ಡೈನೋಸಾರ್‌ಗಳನ್ನು ಅಳಿಸಿದ 6.6 ಕೋಟಿ ವರ್ಷ ಹಿಂದಿನ ದುರಂತವನ್ನೂ, 5.6 ಕೋಟಿ ವರ್ಷ ಹಿಂದೆ ಭೂಮಿ ಕಾದು ಕಡಲು ಹುಳಿಯತ್ತ ಜಾರಿದ ಕಾಲವನ್ನೂ ಇವು ದಾಟಿ ಬಂದಿವೆ.

53. ಹಾಗಾದರೆ ಚಿಂತೆ ಏಕೆ? 5.6 ಕೋಟಿ ವರ್ಷದ ಹಿಂದಿನ ಆ ಬದಲಾವಣೆಗೆ ಸಾವಿರಾರು ವರ್ಷ ಹಿಡಿದಿತ್ತು. ಈಗ ವಾತಾವರಣಕ್ಕೆ ಇಂಗಾಲ ಸೇರುತ್ತಿರುವ ವೇಗ ಆಗಿನದಕ್ಕಿಂತ ಸುಮಾರು ಹತ್ತು ಪಟ್ಟು ಎಂಬ ಅಂದಾಜಿದೆ. ಕಷ್ಟಕಾಲ ಕಂಡ ಅನುಭವ ಈ ವಂಶಕ್ಕೆ ಧಾರಾಳವಾಗಿದೆ. ಆದರೆ ಈ ಸಲದ ಕಷ್ಟಕಾಲಕ್ಕೆ ಅವಸರ ಬಹಳ.